ಸೊನ್ನೆಗೆ ಮೆತ್ತಗೆ

ಕಂಪ್ಯೂಟರಿನ ಮೇಲೆ ನನಗಿದ್ದ ಮೊದಲ ತಕರಾರು ಭಾಷೆಯದ್ದು. ಎಂಬತ್ತರ ದಶಕದ ಕೊನೆಗೆ, ನಾನು ಕಡೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ಅದನ್ನು ನೋಡದವರೆಲ್ಲ ಅದಕ್ಕೆ ಮಿದುಳಿದೆ ಎನ್ನುತ್ತಿದ್ದರು. ನೋಡಿ ಬಂದವರು ಅದು ಯೋಚನೆ ಮಾಡುತ್ತದೆ ಎನ್ನುತ್ತಿದ್ದರು. ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದ ಮೇಷ್ಟ್ರು ಕಲಿಸಿದ ಮೊದಲ ಪಾಠ, ಎದುರಾಳಿ ಆಡಿದ ಪದವನ್ನೇ ಹಿಡಿದು ಅರ್ಥ ಕೇಳು ಎಂಬುದು. ಯೋಚನೆ ಎಂದರೇನು? ಎಷ್ಟು ಹೊತ್ತು? ಯಾವುದರ ಬಗ್ಗೆ? ಹಾಗೆ ಕೇಳಿದರೆ ‘ಈ ಹುಡುಗಿ ಜೊತೆ ಮಾತಾಡೋದೇ ಕಷ್ಟ’ ಎಂದು ಎದ್ದು ಹೋಗುತ್ತಿದ್ದರು. ಅದನ್ನೂ ನಾನು ಗೆಲುವೆಂದೇ ತಿಳಿಯುತ್ತಿದ್ದೆ.

ಅಜ್ಜಂಪುರದಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬಂದು ಸಂಜೆಯ ರೈಲಿಗೆ ಮರಳುವ ನನಗೆ ಕಾಲೇಜು ಬಿಟ್ಟ ಮೇಲೆ ಎರಡು ಗಂಟೆ ಖಾಲಿ ಉಳಿಯುತ್ತಿತ್ತು. ಆ ಖಾಲಿ ಹೊತ್ತಿಗೆಂದು ಅಪ್ಪ ನನ್ನನ್ನು ಸ್ಟೇಷನ್ ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಕೊಬ್ಬರಿ ಮಂಡಿಯೊಂದರ ಮೇಲಿನ ಉದ್ದನೆಯ ಕೋಣೆ ಅದು. ಒಂಬತ್ತು ಟೈಪ್‌ರೈಟರುಗಳು, ಅವುಗಳಲ್ಲಿ ಮೂರು ಕನ್ನಡದವು. ನಡೆಸುತ್ತಿದ್ದವರು ನಲವತ್ತು ದಾಟಿದ ಹೆಂಗಸು, ನಮಗೆಲ್ಲ ಮೇಡಂ. ಹೆಚ್ಚು ಮಾತಾಡುವವರಲ್ಲ. ಬೆನ್ನ ಹಿಂದೆ ನಿಂತು ಶಬ್ದ ಕೇಳಿಯೇ ಯಾವ ಬೆರಳು ಸೋಮಾರಿಯಾಗಿದೆ ಎಂದು ಹೇಳುತ್ತಿದ್ದರು.

ಟೈಪಿಂಗ್ ಕಲಿಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಇನ್‌ಸ್ಟಿಟ್ಯೂಟನ್ನು ನಿಜಕ್ಕೂ ನಡೆಸಿಕೊಂಡು ಹೋಗುತ್ತಿದ್ದುದು ಸುತ್ತಲಿನ ಹೈಸ್ಕೂಲುಗಳ ಪ್ರಶ್ನೆಪತ್ರಿಕೆಗಳ ಕೆಲಸ. ಮೇಡಂ ಸ್ಟೆನ್ಸಿಲ್ ಕಟ್ ಮಾಡುತ್ತಿದ್ದರು. ಹಿಂದಿನ ಸಣ್ಣ ಕೋಣೆಯಲ್ಲಿ ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ಪ್ರತಿ ತೆಗೆಯುತ್ತಿದ್ದವರು ಹೈಸ್ಕೂಲಿನಲ್ಲಿ ಜವಾನರಾಗಿದ್ದು ನಿವೃತ್ತರಾದ ಒಬ್ಬ ಮುದುಕರು. ನಾವು ತಾತ ಎನ್ನುತ್ತಿದ್ದೆವು. ಅವರ ಉಗುರಿನ ಸಂದಿಯ ಮಸಿ ಹಬ್ಬದ ದಿನವೂ ಹೋಗುತ್ತಿರಲಿಲ್ಲ.

ಸ್ಟೆನ್ಸಿಲ್ ಎಂದರೆ ಮೇಣ ಸವರಿದ ತೆಳು ಹಾಳೆ. ಟೈಪ್‌ರೈಟರಿನ ರಿಬ್ಬನ್ ತಪ್ಪಿಸಿ ಅದರ ಮೇಲೆ ಹೊಡೆದರೆ, ಅಕ್ಷರದ ಆಕಾರಕ್ಕೆ ಮೇಣ ಹರಿಯುತ್ತದೆ. ಹರಿದಲ್ಲಿ ಮಸಿ ಇಳಿದು ಕಾಗದಕ್ಕೆ ಹತ್ತುತ್ತದೆ. ತೊಂದರೆ ಇರುವುದು ದುಂಡನೆಯವುಗಳಲ್ಲಿ. ಸೊನ್ನೆಯನ್ನು ಜೋರಾಗಿ ಹೊಡೆದರೆ ಸುತ್ತಲಿನ ಬಳೆ ಪೂರ್ತಿ ಹರಿದು, ಹಿಡಿದುಕೊಳ್ಳಲು ಏನೂ ಇಲ್ಲದೆ ನಡುವಿನ ಚೂರು ಉದುರಿಬಿಡುತ್ತದೆ. ಪ್ರತಿಯಲ್ಲಿ ಸೊನ್ನೆಯ ಜಾಗದಲ್ಲಿ ಕಪ್ಪು ಬೊಟ್ಟು ಬೀಳುತ್ತದೆ. ಅದಕ್ಕೇ ಸ್ಟೆನ್ಸಿಲ್‌ಗೆ ಕೂರುವವರಿಗೆಲ್ಲ ಮೇಡಂ ಹೇಳುತ್ತಿದ್ದುದು ಎರಡೇ ಮಾತು: ‘ಹೊಡೆತ ಒಂದೇ ಸಮ ಇರಲಿ. ಸೊನ್ನೆಗೆ ಮೆತ್ತಗೆ.’

ಎರಡೂ ಒಟ್ಟಿಗೆ ಸಾಧ್ಯವಿಲ್ಲವಲ್ಲ, ಒಂದೇ ಸಮ ಎಂದ ಮೇಲೆ ಮೆತ್ತಗೆ ಹೇಗೆ, ಎಂದು ನಾನು ಮೊದಲ ವಾರವೇ ಕೇಳಿದ್ದೆ. ಮೇಡಂ ನನ್ನ ಕಡೆ ಒಂದು ಕ್ಷಣ ನೋಡಿ, ‘ಬೆರಳಿಗೆ ಗೊತ್ತಾಗುತ್ತೆ, ನಿಂಗೆ ಗೊತ್ತಾಗದಿದ್ರೂ ಪರವಾಗಿಲ್ಲ ಕಣೇ’ ಎಂದಿದ್ದರು.

ಹಿಂದಿನ ವರ್ಷದ ಗಣಿತದ ಪತ್ರಿಕೆಯಲ್ಲಿ ಕೊನೆಯ ಪುಟದ ಸೊನ್ನೆಗಳು ಮುಚ್ಚಿಹೋಗಿದ್ದವು. ದಿನವಿಡೀ ಹೊಡೆದ ಬೆರಳಿಗೆ ಮೆತ್ತಗೆ ಎಂಬುದು ಮರೆತಿತ್ತು. 1000 ಎಂಬುದು ಒಂದು ಮತ್ತು ಮೂರು ಬೊಟ್ಟಾಗಿ, ಪರೀಕ್ಷೆ ಬರೆಯುವ ಮಕ್ಕಳು ಎದ್ದು ನಿಂತು ಇದೇನು ಎಂದು ಕೇಳಿದ್ದರಂತೆ. ಶಾಲೆಗಳ ಪರವಾಗಿ ಕೆಲಸ ಕೊಡುತ್ತಿದ್ದ ಹೆಡ್‌ಮಾಸ್ಟರು ಈ ಸಲ ಮೊದಲೇ ಹೇಳಿ ಕಳಿಸಿದರು: ಗಣಿತದ ಮಾದರಿ ಪುಟವೊಂದನ್ನು ತೆಗೆದು ತೋರಿಸಿ, ಸರಿಯಿಲ್ಲದಿದ್ದರೆ ಪತ್ರಿಕೆಗಳೆಲ್ಲ ಚಿಕ್ಕಮಗಳೂರಿನ ಪ್ರೆಸ್ಸಿಗೆ ಹೋಗುತ್ತವೆ. ಮೇಡಂ ತಾತನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ‘ಅದು ಹೋದ್ರೆ ಬಾಗಿಲು ಹಾಕೋದೇ.’

ಅದಾಗಿ ಹದಿನೈದು ದಿನಕ್ಕೆ, ಯಾವುದೋ ಕಚೇರಿ ಬಳಸಿ ಬಿಟ್ಟ ಕಂಪ್ಯೂಟರೊಂದು ಮಂಡಿಯ ಮೆಟ್ಟಿಲು ಹತ್ತಿ ಬಂತು. ಹಸಿರು ಅಕ್ಷರದ ಪರದೆ, ಎರಡು ಫ್ಲಾಪಿ ಡ್ರೈವ್. ಪ್ರಿಂಟರ್ ಮಾತ್ರ ಇರಲಿಲ್ಲ. ತಪ್ಪಿದರೆ ಪರದೆಯ ಮೇಲೇ ತಿದ್ದಬಹುದು, ಒತ್ತಕ್ಷರ ಟೈಪ್‌ರೈಟರಿನಂತೆ ಪಕ್ಕಕ್ಕೆ ಜಾರದೆ ಕೆಳಗೇ ಕೂರುತ್ತದೆ, ದಣಿದ ಬೆರಳಿನಿಂದ ಸೊನ್ನೆ ಕೆಡುವುದಿಲ್ಲ. ಪ್ರಿಂಟರಿನಿಂದಲೇ ಸ್ಟೆನ್ಸಿಲ್ ಕಟ್ ಮಾಡಿಸುವುದು ಮೇಡಂ ಲೆಕ್ಕಾಚಾರ.

ಯಂತ್ರವನ್ನು ನೋಡಿಕೊಳ್ಳಲು ಬರುತ್ತಿದ್ದವರು ಬಸ್ ಸ್ಟ್ಯಾಂಡ್ ಹಿಂದಿನ ರೇಡಿಯೋ ರಿಪೇರಿಯವರು. ಟೀವಿ, ಟೇಪ್‌ರೆಕಾರ್ಡರ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಯಾವುದನ್ನೂ ಬೇಡವೆನ್ನದ ಮನುಷ್ಯ. ತರೀಕೆರೆಯ ಅಡಿಕೆ ಸೊಸೈಟಿಯೊಂದರ ಹಳೆಯ ಪ್ರಿಂಟರ್ ಅವರ ಅಂಗಡಿಗೆ ರಿಪೇರಿಗೆ ಬಂದಿತ್ತು. ಅದನ್ನೇ ತಂದು ಜೋಡಿಸಿ ಕನ್ನಡದಲ್ಲಿ ಒಂದು ಪುಟ ಹೊಡೆಸಿದರು. ಒಂದು ಸಾಲು ಝರ್ರೆಂದು ಬಂತು; ಆಮೇಲೆ ಮೌನ. ಇನ್ನೊಂದು ಸಾಲು, ಮತ್ತೆ ಮೌನ.

‘ನಿಧಾನ ಅಲ್ವೇನ್ರೀ’ ಎಂದರು ಮೇಡಂ.

‘ಪ್ರೊಸೆಸರ್ ಬದ್ಲಾಯಿಸ್ಬೇಕು ಅಕ್ಕಾರೆ. ಇದ್ರಲ್ಲಿರೋದು 8088. ಅದೇ ಸಾಕೆಟ್ಟಿಗೆ ಕೂರೋ ವಿ-20 ಅಂತ ಇನ್ನೊಂದು ಬಂದೈತೆ. ಮಿದುಳೇ ಬೇರೆ ಆದಂಗೆ. ಇಮ್ಮಡಿ ಓಡ್ತದೆ.’

‘ಯಾವುದರ ಇಮ್ಮಡಿ?’ ಎಂದೆ ನಾನು.

ಅವರು ಕತ್ತು ತಿರುಗಿಸಿ ನೋಡಿದರು. ‘ಇದ್ಯಾರವ್ವ?’

‘ಲಾಯರಮ್ಮ’ ಎಂದರು ತಾತ, ಹಿಂದಿನ ಕೋಣೆಯಿಂದ. ‘ಹುಷಾರಾಗಿ ಮಾತಾಡಪ್ಪ.’

ನನ್ನ ತರ್ಕ ಸರಳವಿತ್ತು. ನಿಧಾನವಾಗಿರುವುದು ಪ್ರಿಂಟರೋ ಕಂಪ್ಯೂಟರೋ ಎಂದು ಮೊದಲು ಗೊತ್ತಾಗಬೇಡವೇ? ಎತ್ತು ಕುಂಟುತ್ತಿದ್ದರೆ ಗಾಡಿಯ ಚಕ್ರ ಬದಲಾಯಿಸಿ ಏನು ಪ್ರಯೋಜನ? ಅವರು ನಕ್ಕು, ಅದೇ ಪುಟವನ್ನು ಇಂಗ್ಲಿಷಿನಲ್ಲಿ ಹೊಡೆಸಿದರು. ಪ್ರಿಂಟರ್ ಎಲ್ಲೂ ನಿಲ್ಲದೆ ಸರಸರನೆ ಓಡಿತು. ನನಗೆ ಅಲ್ಲಿ ಮೊದಲ ಸಲ ಯಂತ್ರದ ಮೇಲೆ ನಿಜವಾದ ಕುತೂಹಲ ಹುಟ್ಟಿತು. ಇಂಗ್ಲಿಷಿನ ಅಕ್ಷರಗಳನ್ನು ಪ್ರಿಂಟರ್ ತನ್ನೊಳಗೇ ಇಟ್ಟುಕೊಂಡಿತ್ತು. ಹೆಸರು ಹೇಳಿದರೆ ಸಾಕು, ಬರೆಯುತ್ತಿತ್ತು. ಕನ್ನಡದ ಒಂದೊಂದು ಅಕ್ಷರವನ್ನೂ ಕಂಪ್ಯೂಟರೇ ಚುಕ್ಕಿ ಚುಕ್ಕಿಯಾಗಿ ರಂಗೋಲಿಯ ಹಾಗೆ ಇಟ್ಟು ಕಳಿಸಬೇಕಿತ್ತು. ಸಾಲುಗಳ ನಡುವಿನ ಆ ಮೌನ ಕಂಪ್ಯೂಟರ್ ಮುಂದಿನ ಸಾಲಿನ ರಂಗೋಲಿ ಇಡುತ್ತಿದ್ದ ಹೊತ್ತು. ಜನ ಯೋಚನೆ ಎನ್ನುತ್ತಿದ್ದುದು ಇದನ್ನೇ ಇರಬೇಕು. ಹಾಗಿದ್ದರೆ ಅದನ್ನು ಅಳೆಯಬಹುದು.

ಚರ್ಚಾಸ್ಪರ್ಧೆಗಳಲ್ಲಿ ಸಮಯ ನೋಡಲು ಬಳಸುತ್ತಿದ್ದ ಸ್ಟಾಪ್‌ವಾಚನ್ನು ಕಾಲೇಜಿನಿಂದ ಕೇಳಿ ತಂದೆ. ಹಳೆಯ ಪ್ರೊಸೆಸರಿನಲ್ಲಿ ಸಾಲಿಗೂ ಸಾಲಿಗೂ ನಡುವೆ ಏಳು ಸೆಕೆಂಡ್. ರಿಪೇರಿಯವರು ಸ್ಕ್ರೂಡ್ರೈವರಿನ ಚಪ್ಪಟೆ ತುದಿಯಿಂದ ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ ಮೀಟುತ್ತ ಅದನ್ನು ಎಬ್ಬಿಸಿದರು. ನಲವತ್ತು ಕಾಲಿನ ಜರಿಹುಳದಂತಿತ್ತು. ಹೊಸದನ್ನು ಕಪ್ಪು ಸ್ಪಂಜಿನಿಂದ ತೆಗೆದು, ತುದಿಯ ಕಚ್ಚು ನೋಡಿಕೊಂಡು ಕೂರಿಸಿ ಹೆಬ್ಬೆರಳಿನಿಂದ ಒತ್ತಿದರು. ಯಂತ್ರ ಎದ್ದಿತು. ಸಾಲಿನ ನಡುವೆ ಐದು ಸೆಕೆಂಡ್.

‘ಇಮ್ಮಡಿ ಆಗಿದ್ರೆ ಮೂರೂವರೆ ಬರಬೇಕಿತ್ತು’ ಎಂದೆ.

‘ಐದು ಏಳಕ್ಕಿಂತ ಕಮ್ಮಿ ತಾನೇ?’

‘ಇರಬಹುದು. ಹಳೇದನ್ನ ಮತ್ತೆ ಹಾಕಿ ನೋಡೋಣ. ಈಗಲೂ ಏಳು ಬಂದ್ರೆ ಒಪ್ತೀನಿ.’

ಅವರು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟರು. ‘ಕಿತ್ತ ಹಲ್ಲನ್ನೇ ಮತ್ತೆ ನೆಡು ಅಂತೀಯಲ್ಲವ್ವ. ಅಕ್ಕಾರೆ, ನೀವೇ ಹೇಳಿ.’

ಮೇಡಂ ಹೇಳಿದ್ದು, ‘ಹಾಕಿ ನೋಡಿ’ ಎಂದಷ್ಟೇ. ಅವರಿಗೂ ತಿಳಿಯಬೇಕಿತ್ತು. ಹಳೆಯದು ಮತ್ತೆ ಕೂತಿತು. ಏಳು. ಹೊಸದು ಮತ್ತೆ ಕೂತಿತು. ಐದು. ನಾನು ಒಪ್ಪಿದೆ; ಇಮ್ಮಡಿ ಎಂಬ ಮಾತು ಸುಳ್ಳೆಂಬ ಷರತ್ತಿನ ಮೇಲೆ. ರಿಪೇರಿಯವರು ತಾತನ ಕಡೆ ತಿರುಗಿ, ‘ಈ ಹುಡುಗಿನ ಮದುವೆ ಆಗೋನು ತಾಳಿ ಎರಡು ಸಲ ಕಟ್ಬೇಕು, ಪರೀಕ್ಷೆಗೆ’ ಎಂದರು. ತಾತ ಕೆಮ್ಮು ಬರುವವರೆಗೆ ನಕ್ಕರು.

ಇನ್ನು ಪ್ರಿಂಟರಿನ ಮಾತು. ಸಣ್ಣ ಪಿನ್ನುಗಳು ರಿಬ್ಬನ್ ಮೇಲೆ ಬಡಿದು ಚುಕ್ಕಿ ಮೂಡಿಸುವ ಯಂತ್ರ ಅದು. ಕೊಳ್ಳಬಹುದಾಗಿದ್ದುದು ಎರಡು ಬಗೆ: ಒಂಬತ್ತು ಪಿನ್ನಿನದು ಮತ್ತು ಇಪ್ಪತ್ತನಾಲ್ಕು ಪಿನ್ನಿನದು. ತರೀಕೆರೆಯ ಯಂತ್ರ ಒಂಬತ್ತರದ್ದು. ರಿಪೇರಿಯವರು ಇಪ್ಪತ್ತನಾಲ್ಕರ ಮಾದರಿ ಹಾಳೆಯೊಂದನ್ನು ಬೆಂಗಳೂರಿನಿಂದ ತಂದಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು, ನಾನು ಪ್ರಾಣಿಶಾಸ್ತ್ರದ ಲ್ಯಾಬಿನ ಭೂತಗನ್ನಡಿ ಹಿಡಿದು ನಿಂತೆ. ಈಗ ನೆನೆಸಿಕೊಂಡರೆ, ನನ್ನ ಅತ್ಯುತ್ತಮ ಭಾಷಣಗಳಲ್ಲಿ ಅದೂ ಒಂದು.

ನಮ್ಮ ಸಮಸ್ಯೆ ಏನು? ಸೊನ್ನೆ. ಈ ಒಂಬತ್ತರ ಹಾಳೆಯಲ್ಲಿ ಸೊನ್ನೆಯೇ ಇಲ್ಲ. ದುಂಡಗೆ ಜೋಡಿಸಿಟ್ಟ ಸಾಸಿವೆ ಕಾಳುಗಳಿವೆ, ಕಾಳು ಕಾಳಿನ ನಡುವೆ ಸಂದಿ. ಆ ಇಪ್ಪತ್ತನಾಲ್ಕರದ್ದರಲ್ಲಿ ಚುಕ್ಕಿಯ ಮೇಲೆ ಚುಕ್ಕಿ ಹತ್ತಿ ಕೂತು ಬಳೆ ಪೂರ್ತಿಯಾಗಿದೆ, ಎಲ್ಲೂ ಬಿರುಕಿಲ್ಲ. ಹೆಡ್‌ಮಾಸ್ಟರು ಕೇಳುತ್ತಿರುವುದು ಸ್ಪಷ್ಟವಾದ ಸೊನ್ನೆ. ಸ್ಪಷ್ಟವಾದ ಸೊನ್ನೆ ಯಾವ ಹಾಳೆಯಲ್ಲಿದೆ, ಕಣ್ಣಿದ್ದವರು ನೋಡಿ ಹೇಳಲಿ.

ತಾತ ಹಾಳೆಯನ್ನು ಬೆರಳಿನಲ್ಲಿ ಸವರಿದರು. ‘ಹೊಡೆತ ನೋಡ್ಬೇಕು ಕಣವ್ವ.’

‘ಹೊಡೆತ ಅಂದ್ರೇನು ತಾತ? ಪಿನ್ನಿನ ಬಲವಾ, ವೇಗವಾ, ಆಳವಾ?’

‘ಅದೆಲ್ಲ ನಂಗೊತ್ತಿಲ್ಲ. ಒಂದು ಸ್ಟೆನ್ಸಿಲ್ ಹಾಕಿ ನನ್ನ ರೋಲರ್ ಮೇಲೆ ಬರ್ಲಿ, ಆಮೇಲೆ ಹೇಳ್ತೀನಿ.’

ಆದರೆ ರಿಪೇರಿಯವರು ಬಿಡಲಿಲ್ಲ. ಇನ್ನೊಬ್ಬರ ಯಂತ್ರ, ಮೇಣ ಹತ್ತಿ ಪಿನ್ ಸಿಕ್ಕಿಕೊಂಡರೆ ತರೀಕೆರೆಯವರಿಗೆ ಏನು ಹೇಳಲಿ, ಎಂದರು. ಅವರು ಹೇಳಿದ್ದು ನ್ಯಾಯವೇ. ‘ಹಾಗಾದ್ರೆ ತಾತನ ಹತ್ರ ವಾದ ಇಲ್ಲ, ಬರೀ ಅಭ್ಯಾಸ ಇದೆ’ ಎಂದು ನಾನು ಮುಗಿಸಿದೆ.  ಮೇಡಂ ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇಪ್ಪತ್ತನಾಲ್ಕನ್ನೇ ತರಿಸಿ ಎಂದರು. ಹಳೆಯ ಪ್ರಿಂಟರ್ ರಿಪೇರಿಯಾಗಿ ತರೀಕೆರೆಗೆ ಹೋಯಿತು.

ಹೊಸದು ಬಂದದ್ದು ಮಾದರಿ ಪುಟ ನೋಡಲು ಹೆಡ್‌ಮಾಸ್ಟರು ಬರಬೇಕಿದ್ದ ಶನಿವಾರಕ್ಕೆ ಮೂರು ದಿನ ಮೊದಲು. ಪೂಜೆಯಾಯಿತು, ಕುಂಕುಮ ಒಳಗೆ ಬೀಳದಂತೆ ರಿಪೇರಿಯವರು ಅಂಗೈ ಅಡ್ಡ ಹಿಡಿದಿದ್ದರು. ರಿಬ್ಬನ್ ತೆಗೆದು, ಸ್ಟೆನ್ಸಿಲ್ ಏರಿಸಿ, ಹಳೆಯ ವರ್ಷದ ಗಣಿತದ ಪುಟವೊಂದನ್ನು ಕಳಿಸಿದೆವು. ಯಂತ್ರ ಮೆಲುದನಿಯಲ್ಲಿ ಕೆಲಸ ಮಾಡಿತು. ತಾತ ಸ್ಟೆನ್ಸಿಲನ್ನು ರೋಲರಿಗೆ ಹೊದಿಸಿ ಹಿಡಿ ತಿರುಗಿಸಿದರು. ಮೊದಲ ಹಾಳೆ ತಟ್ಟೆಗೆ ಬಿತ್ತು.

ಸೊನ್ನೆಗಳೆಲ್ಲ ಕಪ್ಪಾಗಿದ್ದವು. ಬರಿಯ ಅಂಕಿಯ ಸೊನ್ನೆಯಲ್ಲ, ‘ಅಂಕ’, ‘ಒಂದು’, ‘ಎಂಬತ್ತು’ ಎಲ್ಲ ಕಡೆ ಬೊಟ್ಟು. ತಾತ ಯಂತ್ರದ ತಳದಿಂದ ಮೇಣದ ಪುಟ್ಟ ಪುಟ್ಟ ಚೂರುಗಳನ್ನು ಬೆರಳತುದಿಗೆ ಅಂಟಿಸಿಕೊಂಡು ನನ್ನ ಮುಂದೆ ಹಿಡಿದರು. ಸೊನ್ನೆಗಳ ಹೊಟ್ಟೆಗಳು.

ಹೊಡೆತ ಮೆದುವಾಗಲೆಂದು ಸ್ಟೆನ್ಸಿಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ ಹೊಡೆಯುವ ಪದ್ಧತಿಯಿತ್ತು. ಹಾಸಿ ನೋಡಿದೆವು. ಆ ಸಣ್ಣ ಪಿನ್ನುಗಳು ಪ್ಲಾಸ್ಟಿಕ್ಕನ್ನು ದಾಟಲೇ ಇಲ್ಲ. ಹಾಳೆ ಬಹುತೇಕ ಖಾಲಿ ಬಂತು. ತೆಗೆದರೆ ಬೊಟ್ಟು, ಹಾಸಿದರೆ ಬಿಳಿ.

ನನಗೆ ಗೊತ್ತಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅದೇ ನಾಚಿಕೆಯ ಸಂಗತಿ. ಬಳೆ ಪೂರ್ತಿಯಾದರೆ ನಡು ಉದುರುತ್ತದೆ. ಎರಡು ವರ್ಷದಿಂದ ನನ್ನ ಬೆರಳಿಗೆ ಗೊತ್ತಿದ್ದ ವಿಷಯ. ನಾನು ತಪ್ಪೆಂದು ಎತ್ತಿ ತೋರಿಸಿದ ಸಾಸಿವೆ ಕಾಳುಗಳ ನಡುವಿನ ಸಂದಿಯೇ ಸೊನ್ನೆಯ ಹೊಟ್ಟೆಯನ್ನು ಹಿಡಿದುಕೊಳ್ಳಬೇಕಾಗಿದ್ದ ಕೈ. ನಾನು ಕಾಗದದ ಮೇಲಿನ ಸೊನ್ನೆಯ ಬಗ್ಗೆ ವಾದ ಮಾಡಿ ಗೆದ್ದಿದ್ದೆ. ನಮಗೆ ಬೇಕಾಗಿದ್ದುದು ಮೇಣದ ಮೇಲಿನ ಸೊನ್ನೆ.

‘ಮೇಡಂ, ತಪ್ಪು ನಂದು’ ಎಂದೆ. ಹಾಗೆ ಹೇಳಿ ಅಭ್ಯಾಸವಿಲ್ಲದ್ದರಿಂದ ದನಿ ಜೋರಾಗಿಯೇ ಬಂತು, ಯಾರನ್ನೋ ಬೈದ ಹಾಗೆ.

ಮೇಡಂ ಆ ಹಾಳಾದ ಪ್ರತಿಯನ್ನು ನಾಲ್ಕಾಗಿ ಮಡಚುತ್ತಿದ್ದರು. ‘ನೋಡಿ ಹೂಂ ಅಂದಿದ್ದು ನಾನು’ ಎಂದರು. ಆಮೇಲೆ ರಿಪೇರಿಯವರಿಗೆ, ‘ತರೀಕೆರೆಯವರಿಗೆ ಆ ಹಳೇದು ಹಿಡಿಸ್ತದೇನ್ರೀ?’

‘ಎಲ್ಲಿ ಅಕ್ಕಾರೆ, ಅಕ್ಷರ ಚೆನ್ನಾಗಿಲ್ಲ ಅಂತ ದಿನಾ ಗೊಣಗ್ತಾರೆ.’

ಮರುದಿನ ನಾನು ಕಾಲೇಜಿಗೆ ಚಕ್ಕರ್ ಹೊಡೆದೆ. ಪ್ರಿಂಟರನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ, ತರೀಕೆರೆಯ ಬಸ್ಸಿನಲ್ಲಿ ಮೇಡಂ ಮತ್ತು ನಾನು ತೊಡೆಯ ಮೇಲಿಟ್ಟುಕೊಂಡು ಕೂತೆವು. ತಾತ ಸ್ಟೆನ್ಸಿಲ್‌ಗಳನ್ನು ಬಿಸಿಲು ತಾಗದಂತೆ ಅಂಗಿಯೊಳಗೆ ಇಟ್ಟುಕೊಂಡಿದ್ದರು. ಫ್ಲಾಪಿಗಳು ನನ್ನ ನೋಟ್‌ಬುಕ್ಕಿನ ಹಾಳೆಗಳ ನಡುವೆ. ಬೀರೂರು ದಾಟಿದ ಮೇಲೆ ಕಂಡಕ್ಟರು ಇದೇನು ಎಂದು ಕೇಳಿದ್ದಕ್ಕೆ ತಾತ, ‘ನಮ್ಮನೆ ಹೆಣ್ಣು, ಇದನ್ನ ಬೀಗರಿಗೆ ಕೊಟ್ಟು ಅವ್ರ ಮನೆ ಹೆಣ್ಣು ತರಕ್ಕೆ ಹೋಗ್ತಿದ್ದೀವಿ’ ಎಂದರು. ದಾರಿಯಲ್ಲಿ ಅವರು ನನ್ನ ಭಾಷಣದ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಹಗುರವಾಗುತ್ತಿತ್ತು.

ಸೊಸೈಟಿಯ ಸೆಕ್ರೆಟರಿ ಅನುಮಾನದ ಮನುಷ್ಯ. ಹೊಸದನ್ನು ಕೊಟ್ಟು ಹಳೆಯದನ್ನು ಕೇಳುವವರನ್ನು ಯಾರೂ ನಂಬುವುದಿಲ್ಲ, ನಾನಾಗಿದ್ದರೂ ನಂಬುತ್ತಿರಲಿಲ್ಲ. ‘ಏನ್ ಸಮಾಚಾರ? ಇದ್ರಲ್ಲಿ ಏನೋ ಕೆಟ್ಟಿದೆ’ ಎಂದರು. ನನ್ನ ತಲೆಯಲ್ಲಿ ಆಗಲೇ ಮೂರು ಅಂಶಗಳು ಸಾಲಾಗಿ ನಿಂತಿದ್ದವು. ಬಾಯಿ ತೆರೆಯುವಷ್ಟರಲ್ಲಿ ಮೇಡಂ ಹೇಳಿದರು:

‘ಇದು ಚೆನ್ನಾಗಿ ಬರೆಯುತ್ತೆ ಸಾರ್. ನಂಗೆ ಬರೆಯೋದು ಬೇಡ, ತೂತು ಹೊಡೆಯೋದು ಬೇಕು.’

ಅವರಿಗೆ ಅರ್ಥವಾಗಲಿಲ್ಲ, ಆದರೆ ಕುತೂಹಲ ಹುಟ್ಟಿತು. ನೋಡೇ ಬಿಡೋಣ, ಮುಂದೆ ಮಾತು ಎಂದರು. ಅವರದೇ ಕಂಪ್ಯೂಟರಿಗೆ ನಮ್ಮ ಫ್ಲಾಪಿ ಹಾಕಿದೆವು. ಅದರಲ್ಲಿದ್ದುದು ಹಳೆಯ 8088. ಸಾಲು ಸಾಲಿನ ನಡುವೆ ಮತ್ತೆ ಏಳು ಸೆಕೆಂಡಿನ ಮೌನ. ಐದಕ್ಕೆ ಒಗ್ಗಿದ್ದ ಕಿವಿಗೆ ಆ ಎರಡು ಸೆಕೆಂಡ್ ಎಷ್ಟು ಉದ್ದವೆಂದು ಅಲ್ಲಿ ತಿಳಿಯಿತು. ರಿಪೇರಿಯವರಿಗೆ ನಾನು ಕೊಟ್ಟ ಒಪ್ಪಿಗೆ ತುಸು ಜಿಪುಣತನದ್ದೆಂದೂ. ಒಂಬತ್ತು ಪಿನ್ನುಗಳು ಸ್ಟೆನ್ಸಿಲ್ ಮೇಲೆ ಬಡಿಯುವ ಸದ್ದು ಪಕ್ಕದ ಕೋಣೆಯವರನ್ನೂ ಕರೆದು ತಂದಿತು.

ತಾತ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಗೆ ಎತ್ತಿದರು. ಬೆಳಕು ತೂತು ತೂತಾಗಿ ಇಳಿಯಿತು. ಪ್ರತಿ ಸೊನ್ನೆಯೂ ಬೆಳಕಿನ ಚುಕ್ಕಿಗಳ ಪುಟ್ಟ ಮಾಲೆ. ನಡುವಿನ ಮೇಣ ಅಲುಗದೆ ಕೂತಿತ್ತು.

‘ಲಾಯರಮ್ಮ, ಹೊಡೆತ ಅಂದ್ರೇನು ಅಂತ ಕೇಳಿದ್ಯಲ್ಲ’ ಎಂದರು, ತಿರುಗಿ ನೋಡದೆ. ‘ಇದು.’

ಸೆಕ್ರೆಟರಿಯವರು ತಮ್ಮ ಸದಸ್ಯರ ಪಟ್ಟಿಯ ಒಂದು ಪುಟವನ್ನು ನಮ್ಮ ಪ್ರಿಂಟರಿನಲ್ಲಿ ತೆಗೆಸಿ ನೋಡಿ, ಮಗುವಿನ ಕೆನ್ನೆ ಮುಟ್ಟಿದ ಹಾಗೆ ಅಕ್ಷರ ಮುಟ್ಟಿದರು. ಅಧ್ಯಕ್ಷರಿಗೆ ಒಂದು ಮಾತು ಕೇಳಿ ಬಂದು ಒಪ್ಪಿದರು. ಅವರಿಗೆ ಬೇಕಾಗಿದ್ದ ಪ್ರಿಂಟರ್ ಅದೇ ಆಗಿತ್ತು. ನನ್ನ ಭಾಷಣ ಸುಳ್ಳಾಗಿರಲಿಲ್ಲ. ಮಾಡಬೇಕಾಗಿದ್ದ ಊರು ಬೇರೆಯಾಗಿತ್ತು.

ಶನಿವಾರ ಹೆಡ್‌ಮಾಸ್ಟರು ಬಂದರು. ಕೊಡೆಯನ್ನು ಟೈಪ್‌ರೈಟರಿಗೆ ತೂಗುಹಾಕಿ, ಕನ್ನಡಕ ಬದಲಿಸಿ, ಮಾದರಿ ಪುಟವನ್ನು ಮೇಲಿನಿಂದ ಓದಲು ಶುರು ಮಾಡಿದರು. ಮೇಡಂ ಮೇಜಿನ ಅಂಚು ಹಿಡಿದು ನಿಂತಿದ್ದರು. ಬೆರಳುಗಳು ತಮ್ಮಷ್ಟಕ್ಕೆ ಮರದ ಮೇಲೆ ಏನೋ ಟೈಪ್ ಮಾಡುತ್ತಿದ್ದವು.

‘ಅಕ್ಷರ ಏನು ಹೀಗೆ, ಸಾಸಿವೆ ಚೆಲ್ಲಿದಂಗಿದೆ?’

 ಸಾಸಿವೆಯ ಮಾತು ನನ್ನದೇ ಆಗಿತ್ತು.

ಅವರು ಪುಟದ ಕೊನೆಗೆ ಬಂದು, ಸೀಸದಕಡ್ಡಿಯ ತುದಿಯಿಂದ ಸೊನ್ನೆಗಳನ್ನು ಒಂದೊಂದಾಗಿ ಎಣಿಸಿದರು. ಮತ್ತೆ ಮೊದಲಿನಿಂದ ಎಣಿಸಿದರು. ತಾತ ತೆಗೆದಿದ್ದ ಕೊನೆಯ ಪ್ರತಿಯನ್ನು ಕೇಳಿ ತರಿಸಿ ಅದರಲ್ಲೂ ಎಣಿಸಿದರು. ಅವರು ಹೀಗೆ ಎರಡೆರಡು ಸಲ ಪರೀಕ್ಷೆ ಮಾಡುವುದನ್ನು ನೋಡಿ ನನಗೆ ಅವರ ಮೇಲೆ ಗೌರವ ಹುಟ್ಟಿತು.

‘ಹೋದ ವರ್ಷ ಕಣ್ಣು ಮುಚ್ಕೊಂಡಿದ್ವು. ಈ ಸಲ ಎಲ್ಲಾ ತೆರ್ಕೊಂಡಿವೆ’ ಎಂದರು. ‘ಸೋಮವಾರ ಹಸ್ತಪ್ರತಿ ಕಳಿಸ್ತೀನಿ. ಎಲ್ಲಾ ಸ್ಕೂಲಿಂದೂ ನೀವೇ ಮಾಡಿ.’

ಮೇಡಂ ಬೆರಳುಗಳು ನಿಂತವು. ‘ಆಗ್ಲಿ ಸಾರ್’ ಎಂದರು.

ಹೊರಡುವ ಮುನ್ನ ಹೆಡ್‌ಮಾಸ್ಟರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ‘ಈ ಹುಡುಗಿನೂ ಕೆಲಸಕ್ಕೆ ಇರ್ತಾಳಾ? ಪ್ರಶ್ನೆಪತ್ರಿಕೆ ವಿಷಯ. ಬಾಯಿ ಬಿಗಿ ಇದೆಯಾ?’

‘ಅದೊಂದು ಮಾತ್ರ ನನ್ನ ಕೇಳ್ಬೇಡಿ ಸ್ವಾಮಿ’ ಎಂದರು ತಾತ.

ಬಾಯಿ ಬಿಗಿ ಇರುವುದೂ ವಾದ ಮಾಡುವುದೂ ಬೇರೆ ಬೇರೆ ಸಂಗತಿಗಳು, ಒಂದರಿಂದ ಇನ್ನೊಂದನ್ನು ತೀರ್ಮಾನಿಸುವುದು ತರ್ಕದೋಷ ಎಂದು ಹೇಳಲು ನಾನು ಉಸಿರು ಎಳೆದುಕೊಂಡೆ. ಮೇಡಂ ನನ್ನ ಹಿಂದೆಯೇ ನಿಂತಿದ್ದರು. ಶಬ್ದ ಬರುವ ಮೊದಲೇ ಅವರಿಗೆ ಕೇಳಿಸಿತ್ತು.

‘ಮೆತ್ತಗೆ’ ಎಂದರು.